ಸಾಸಿವೆ ಡಬ್ಬಿಯ ಹದಿನಾಲ್ಕು ರೂಪಾಯಿ

ರಾತ್ರಿ ಹನ್ನೆರಡಕ್ಕೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಟಕ್ಕೆಂದಿತು. ಕಲಾವತಿ ಪೆನ್ಸಿಲ್ ಕೆಳಗಿಟ್ಟಳು.

ಹುಬ್ಬಳ್ಳಿಯ ಪ್ರತಿ ಮನೆಯ ಖರ್ಚನ್ನೂ ಬ್ಯಾಂಕು ಗಣಿತದ ಮಾದರಿಯಿಂದ ಮೊದಲೇ ತಿಳಿದು, ಬೆಳಿಗ್ಗೆ ಅಷ್ಟೇ ದುಡ್ಡು ಕೊಡುತ್ತಿತ್ತು. ಉಳಿದರೆ ಸಂಜೆ ವಾಪಸು. ಬೀಗರು ಎಷ್ಟು ಹೋಳಿಗೆ ತಿನ್ನುತ್ತಾರೆಂಬುದು ಬೀಗರಿಗಿಂತ ಮೊದಲು ಅದಕ್ಕೆ ಗೊತ್ತು. ಆ ಬ್ಯಾಂಕಿನ ಗುಮಾಸ್ತೆ ಕಲಾವತಿ ಅಧಿಕಾರಿಯಾಗಬೇಕಾದರೆ ತನ್ನ ಮನೆಯದೇ ಮಾದರಿ ಕಟ್ಟಿ ನಾಳೆ ಒಪ್ಪಿಸಬೇಕಿತ್ತು. ಮೂರು ತಿಂಗಳು ಸಮೀಕರಣ ತಿದ್ದಿದರೂ ದಿನಕ್ಕೆ ಹದಿನಾಲ್ಕು ರೂಪಾಯಿ ಎಲ್ಲಿಗೋ ಮಾಯವಾಗುತ್ತಿತ್ತು.

ಎದ್ದು ಹೋಗಿ ನೋಡಿದರೆ, ಅಡುಗೆಮನೆಯಲ್ಲಿ ಅತ್ತೆ ಗಂಗವ್ವ ಸಾಸಿವೆ ಡಬ್ಬಿಯೊಳಗೆ ನೋಟು ಹೂಳುತ್ತಿದ್ದರು.

“ಅತ್ತೀ, ನನ್ನ ಹದಿನಾಲ್ಕು ರೂಪಾಯಿ!”

“ನಿಂದಲ್ಲವ್ವಾ, ನಂದು. ಕಾಯಿಪಲ್ಲೆ ಸಂತ್ಯಾಗ ಚೌಕಾಶಿ ಮಾಡಿ ಉಳಿಸಿದ್ದು. ಕೊತ್ತಂಬರಿ ಪುಕ್ಕಟೆ ಇಸ್ಕೊಳ್ಳೂದು ನಿನ್ನ ಬ್ಯಾಂಕಿಗೆ ಬರತೈತೇನು?”

“ಇದನ್ನ ಬರದ್ರ ನಾ ಪಾಸು.”

“ಬರಿ. ನಾಳಿಂದ ಊರಾಗಿನ ಎಲ್ಲಾ ಹೆಂಗಸರ ಡಬ್ಬಿ ತೆಗೆಸಿ ನೋಡ್ತಾರ.” ಗಂಗವ್ವ ಮುಚ್ಚಳ ಒತ್ತಿದರು. “ಹಂಗ ಪಕ್ಕದ ಮೆಂತೆ ಡಬ್ಬೀದೂ ಬರಿಯವಾ. ಅದರಾಗ ನನ್ನದಕ್ಕಿಂತ ಭಾಳ ಐತಿ.”

ಮೆಂತ್ಯದ ಡಬ್ಬಿ ಕಲಾವತಿಯದು. ಅದಕ್ಕೆ ಹಾಕುವುದನ್ನು ಅವಳು ಮೊದಲ ದಿನವೇ ‘ಇತರೆ ಖರ್ಚು’ ಎಂದು ಬರೆದು ಮುಗಿಸಿದ್ದಳು.

ಕೋಣೆಗೆ ಮರಳಿ, ಹದಿನಾಲ್ಕು ರೂಪಾಯಿಯ ಎದುರು ‘ಕಾರಣ ತಿಳಿಯಲಿಲ್ಲ’ ಎಂದು ಬರೆದಳು. ಅಧಿಕಾರಿಯ ಕುರ್ಚಿ ಇನ್ನೊಂದು ವರ್ಷ ಕಾಯಲಿ. ಈ ಸಂಗತಿಯನ್ನು ಯಾರಿಗೂ, ಗೊರಕೆ ಹೊಡೆಯುತ್ತಿದ್ದ ಗಂಡನಿಗಂತೂ, ಹೇಳಬಾರದೆಂದು ತೀರ್ಮಾನಿಸಿ ದೀಪ ಆರಿಸಿದಳು.