ಜಾಯಿಕಾಯಿ

"ಇದು ಯಾರ ಮನೇದು?" ಎಂದು ಕೇಳಿದ ಹಾರ್ಲನ್. ಚಮಚ ಕೈಯಲ್ಲೇ ನಿಂತಿತ್ತು. ಹೆಂಡತಿ ವರ್ನಾಳನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅದು. ಅಮೆರಿಕದ ಅಯೋವಾದ ಆ ಊರಿನ ಹೆಂಗಸರು ಅಡುಗೆ ಮಾಡಿ ಹೊತ್ತು ತಂದ ಗಾಜಿನ ಪಾತ್ರೆಗಳು ಮೇಜಿನ ತುಂಬ ಇದ್ದವು. ಎಲ್ಲದರಲ್ಲೂ ಅದೇ ಆಲೂಗಡ್ಡೆ, ಅದೇ ಚೀಸ್, ಅದೇ ಡಬ್ಬಿ ಸೂಪು. ಇದೊಂದರಲ್ಲಿ ಮಾತ್ರ ಜಾಯಿಕಾಯಿ ಇತ್ತು.

ಸೈನ್ಯದಲ್ಲಿದ್ದಾಗ ಫ್ರಾನ್ಸಿನಲ್ಲಿ ತಿಂದ ಆ ರುಚಿಗಾಗಿ ಅವನು ಮದುವೆಯಾದಂದಿನಿಂದ ಹೆಂಡತಿಯನ್ನು ಪೀಡಿಸಿದ್ದ. ಅಮೆರಿಕದವರಿಗೆ ಅಡುಗೆಯೇ ಬರಲ್ಲ ಎಂದು ಹಂಗಿಸುತ್ತಿದ್ದ. "ಆ ಫ್ರಾನ್ಸಿನೋರದು ಕೂತ್ಕೊಂಡು ಹೊಗಳೋ ಅಡುಗೆ. ನಮ್ಮದು ಸಾವಾದ ಮನೆಗೆ ಹೊತ್ಕೊಂಡು ಹೋಗೋ ಅಡುಗೆ. ಜಾಯಿಕಾಯಿ ಬೇಕಾದ್ರೆ ನಾನು ಸತ್ತ ಮೇಲೆ ತಿನ್ನು," ಎನ್ನುತ್ತಿದ್ದಳು ವರ್ನಾ.

"ಕೊನೆಗೂ ಈ ಊರಲ್ಲಿ ಅಡುಗೆ ಗೊತ್ತಿರೋರು ಒಬ್ರು ಸಿಕ್ಕಿದ್ರು," ಎಂದ ಹಾರ್ಲನ್. ಪಕ್ಕದ ಮನೆಯ ಡೋರಿಸ್ ತಲೆಯೆತ್ತಲಿಲ್ಲ. ತೊಳೆದು ಹಿಂದಿರುಗಿಸಲು ಗುರುತಿರಲಿ ಎಂದು ಎಲ್ಲರೂ ಪಾತ್ರೆಯ ತಳಕ್ಕೆ ಹೆಸರು ಅಂಟಿಸಿರುತ್ತಾರೆ. ಅವನು ಬಟ್ಟೆ ಹಿಡಿದು ಪಾತ್ರೆಯನ್ನು ಮೇಲೆತ್ತಿ ನೋಡಿದ. ವರ್ನಾ ಎಂದಿತ್ತು, ಅವಳದೇ ಅಕ್ಷರದಲ್ಲಿ.

"ಆಸ್ಪತ್ರೆಗೆ ಸೇರೋ ಹಿಂದಿನ ದಿನ ಮಾಡಿ ನನ್ನ ಫ್ರೀಜರ್‌ನಲ್ಲಿ ಇಟ್ಟು ಹೋದ್ಲು," ಎಂದಳು ಡೋರಿಸ್. "ಮಣ್ಣಾದ ದಿನ ಬಿಸಿ ಮಾಡಿ ಅವನ ಮುಂದೆ ಇಡು ಅಂದಿದ್ಲು."

ಬಟ್ಟೆಯ ಮೂಲಕ ಬಿಸಿ ಅಂಗೈಗೆ ತಾಕುತ್ತಿತ್ತು. ಹಾರ್ಲನ್ ಪಾತ್ರೆಯನ್ನು ಕೆಳಗಿಡಲಿಲ್ಲ.

"ತೊಳೆದು ಯಾರಿಗೆ ಕೊಡ್ಲಿ, ಡೋರಿಸ್?" ಎಂದು ಕೇಳಿದ.