ಅಮ್ಮನ ದಿಬ್ಬ

"ಮುಟ್ಟಬೇಡಮ್ಮ, ಬಣ್ಣ ಇನ್ನೂ ಹಸಿ" ಎಂದು ಮಗಳು ಹೇಳುವಷ್ಟರಲ್ಲಿ ಅಮ್ಮ ನಕ್ಷೆಯ ಮೇಲೆ ಬೆರಳು ಊರಿಯಾಗಿತ್ತು. ಅಚ್ಚಿನ ಮನೆಯಿಂದ ಆಗಷ್ಟೇ ಬಂದ ಹಾಳೆ. ನಕ್ಷೆ ಬರೆದವಳು ಮಗಳೇ. ನದಿ, ಬಂದರು, ಹೊಸ ಗೋದಾಮುಗಳ ಸಾಲು ಎಲ್ಲವನ್ನೂ ಬಿಟ್ಟು ಅಮ್ಮ ಹುಡುಕಿದ್ದು ತಮ್ಮ ಕೇರಿಯನ್ನು. ಹಳೆಯ ನಕ್ಷೆಯಲ್ಲಿ ಅಲ್ಲಿ ಬರೀ ಜೌಗಿನ ನೀಲಿ ಗೀರುಗಳಿದ್ದವು. "ಜೌಗಿಗೆ ಯಾರಾದರೂ ನಲ್ಲಿ ಹಾಕ್ತಾರೇನಮ್ಮ?" ಎಂದು ನಗರಸಭೆಯವರು, ನಲ್ಲಿ ಕೇಳಲು ಹೋದ ಅಮ್ಮನನ್ನು ಪ್ರತಿ ಸಲವೂ ಸಾಗಹಾಕುತ್ತಿದ್ದುದು ಅದನ್ನೇ ತೋರಿಸಿ.

"ಈ ಕಂದು ಗೆರೆ ಏನೇ?"

"ಎತ್ತರದ ಗೆರೆ. ಇದರ ಒಳಗಿರೋದೆಲ್ಲ ಗಟ್ಟಿ ನೆಲ, ನೆರೆ ಬಂದರೂ ಮುಳುಗಲ್ಲ. ಅಳೆಯೋಕೆ ಬಂದವರು ನಂಬಿಕೆ ಬರದೆ ಎರಡೆರಡು ಸಲ ಅಳೆದ್ರಂತೆ. ನದಿ ದಡದಲ್ಲಿ ಈ ದಿಬ್ಬ ಎಲ್ಲಿಂದ ಬಂತು ಅಂತ ನಮ್ಮ ಕಚೇರಿ ಸಾಹೇಬರು ನನ್ನನ್ನೇ ಕೇಳಿದ್ರು."

"ನೀನೇನಂದೆ?"

"ನಮ್ಮಮ್ಮ ತಂದು ಹಾಕಿದ್ದು ಅಂದೆ."

ಬಂದರಿನವರು ಅಗೆದು ಬಿಸಾಡಿದ ಹೂಳನ್ನು ಕೇರಿಯ ಹೆಂಗಸರು ವರ್ಷಗಟ್ಟಲೆ ಬುಟ್ಟಿಯಲ್ಲಿ ಹೊತ್ತು ತಂದು ಮನೆಗಳ ಸುತ್ತ ಸುರಿದಿದ್ದರು. ಅಮ್ಮನ ಕೈ ತಾನಾಗಿ ನೆತ್ತಿಗೆ ಹೋಯಿತು. ಬುಟ್ಟಿ ಕೂತೂ ಕೂತೂ ಅಲ್ಲಿ ಕೂದಲೇ ಉಳಿದಿರಲಿಲ್ಲ. ಆಮೇಲೆ ಅವಳು ನಕ್ಷೆ ಹರವಿದ್ದ ಹಲಗೆಗೆ ಎರಡೂ ಕೈ ಹಾಕಿದಳು.

"ಎಲ್ಲಿಗಮ್ಮ? ಬಣ್ಣ ಆರಲಿ, ತಾಳು."

"ನಗರಸಭೆ ಮುಟ್ಟೋ ಹೊತ್ತಿಗೆ ಆರುತ್ತೆ" ಎಂದವಳೇ ಅಮ್ಮ, ಹಲಗೆ ಸಮೇತ ಊರನ್ನು ನೆತ್ತಿಗೇರಿಸಿಕೊಂಡು ಮೆಟ್ಟಿಲಿಳಿದಳು.