ಶುಕ್ರವಾರದ ಗೆರೆ

ಗೆರೆ ಮತ್ತೆ ಏರಿತು.

ತಸ್ಲೀಮ್ ಅತ್ತಿತ್ತ ನೋಡಿ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಶ್ರೀರಂಗಪಟ್ಟಣದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವಳ ಕಚೇರಿ. ನಾಗಮಂಗಲದ ಆಚೆಗಿನ ಚಿಪ್ ಕಾರ್ಖಾನೆಯ ಯಂತ್ರಗಳಿಗೆ ಕಾಯಿಲೆ ಬಂದರೆ ಇಲ್ಲಿ ಕೂತೇ ನಾಡಿ ಹಿಡಿದು ಹೇಳುವುದು ಅವಳ ಕೆಲಸ. ಅಲ್ಲಿ ಪಂಪು ಗಾಳಿಯನ್ನೆಲ್ಲ ಹೀರಿ ತೆಗೆದ ಪೆಟ್ಟಿಗೆಯೊಂದಿದೆ. ಅದರೊಳಗೆ ಅನಿಲವನ್ನು ಮಿಂಚಿನ ಹಾಗೆ ಹೊತ್ತಿಸಿ, ಅದೇ ಪ್ಲಾಸ್ಮಾದಿಂದ ಸಿಲಿಕಾನ್ ಬಿಲ್ಲೆಗಳ ಮೇಲೆ ಕೂದಲಿಗಿಂತ ಸಣ್ಣ ಕೆತ್ತನೆ ಮಾಡುತ್ತಾರೆ. ಪೆಟ್ಟಿಗೆಯ ಒತ್ತಡ ಚೂರು ಹೆಚ್ಚಾದರೂ ಬಿಲ್ಲೆ ಹಾಳು.

ವಾರವೆಲ್ಲ ಕೆರೆಯ ನೀರಿನಂತೆ ಮಲಗಿರುತ್ತಿದ್ದ ಒತ್ತಡದ ಗೆರೆ ಶುಕ್ರವಾರ ಮಧ್ಯಾಹ್ನ ಮಾತ್ರ ತಲೆ ಎತ್ತುತ್ತಿತ್ತು. ಒಂದಷ್ಟು ಏರಿ, ಯಾರೋ ಗಾಬರಿಯಲ್ಲಿ ಕೈಹಾಕಿ ಎಳೆದಂತೆ, ಕುಲುಕುತ್ತ ಕುಲುಕುತ್ತ ಇಳಿಯುತ್ತಿತ್ತು. ಆ ಪಾಳಿಯಲ್ಲಿ ಯಂತ್ರದ ಮುಂದೆ ಇರಬೇಕಾದವನು ಪಾಂಡವಪುರದ ಅಜ್ಮಲ್.

ಶುಕ್ರವಾರ. ಮಧ್ಯಾಹ್ನ. ಅಜ್ಮಲ್. ಮೂರನ್ನೂ ಕೂಡಿಸಲು ಇಂಜಿನಿಯರಿಂಗ್ ಓದಬೇಕಾಗಿರಲಿಲ್ಲ. ಹುಡುಗ ಯಂತ್ರ ಬಿಟ್ಟು ಜುಮ್ಮಾ ನಮಾಜಿಗೆ ಹೋಗುತ್ತಾನೆ. ಓಡಿ ಬಂದು ಸರಿಮಾಡುತ್ತಾನೆ.

ತಸ್ಲೀಮಳ ಕಿವಿ ಬಿಸಿಯಾಯಿತು. ಅವನನ್ನು ಆ ಕೆಲಸಕ್ಕೆ ಸೇರಿಸಿದವಳು ಅವಳೇ. ಕಬ್ಬಿನ ಲಾರಿ ಓಡಿಸುವವರ ಮನೆಯ ಹುಡುಗ. “ನಮ್ಮವನು, ನಂಬಬಹುದು” ಎಂದು ಬಾಯಿಬಿಟ್ಟು ಹೇಳಿದ್ದಳು. ಅವನದು ಗುತ್ತಿಗೆಯ ಕೆಲಸ. ಒಂದು ದೂರು ಹೋದರೆ ಮನೆಗೆ. ದೂರು ಕೊಡದಿದ್ದರೆ, ತನ್ನವನೆಂದು ಮುಚ್ಚಿಟ್ಟಳೆಂಬ ಮಾತು ಅವಳಿಗೆ.

ಪಕ್ಕದ ಮೇಜಿನ ತಿಮ್ಮರಾಜು ಇಣುಕಿದ. “ಏನ್ ತಸ್ಲೀಮಮ್ಮ, ನಿಮ್ ಮೆಷಿನ್‌ಗೆ ಶುಕ್ರವಾರ ಆದ್ರೆ ಮೈಮ್ಯಾಲೆ ದೇವ್ರು ಬತ್ತದಾ?”

“ಸೆನ್ಸರ್ ಕೆಟ್ಟಿರ್ಬೇಕು ಬಿಡಿ,” ಎಂದಳು. ತಿಮ್ಮರಾಜು ನಕ್ಕ. ಅವನ ನಗುವಿನಲ್ಲಿ ಏನೂ ಇರಲಿಲ್ಲ. ಆದರೆ ಅನುಮಾನಕ್ಕೆ ಒಮ್ಮೆ ಮಣೆ ಹಾಕಿ ಕೂರಿಸಿದ ಮೇಲೆ ನಗುವೂ ಚುಚ್ಚುತ್ತದೆ.

ಅವಳು ಮೆಟ್ಟಿಲ ಬಳಿ ಹೋಗಿ ಅಜ್ಮಲ್‌ಗೆ ಫೋನ್ ಮಾಡಿದಳು. ನಾಲಿಗೆಯ ತುದಿಗೆ ಬಂದ ಉರ್ದುವನ್ನು ನುಂಗಿಕೊಂಡು ಕನ್ನಡದಲ್ಲೇ ಕೇಳಿದಳು. ಯಾರಾದರೂ ಕೇಳಿಸಿಕೊಂಡರೆ?

“ಶುಕ್ರವಾರ ಮಧ್ಯಾಹ್ನ ಮೆಷಿನ್ ಬಿಟ್ಟು ಎಲ್ಲಿಗೆ ಹೋಗ್ತೀಯ?”

“ಎಲ್ಗೂ ಇಲ್ಲ ಆಪಾ,” ಎಂದ, ಅಕ್ಕನನ್ನು ಕರೆಯುವಂತೆ. “ಅದ್ರ ಮುಂದೇನೇ ಇರ್ತೀನಿ.”

“ಗೆರೆ ಬೇರೆ ಹೇಳ್ತಿದೆಯಲ್ಲ?”

ಅವನು ದನಿ ತಗ್ಗಿಸಿದ. “ದೇವ್ರ ಕೆಲ್ಸ ಆಪಾ. ಕಾಲ್ಗಂಟೆ ಅಷ್ಟೇ. ಬಿಲ್ಲೆಗೇನೂ ಆಗ್ದಂಗೆ ನಾನ್ ನೋಡ್ಕತಾ ಇವ್ನಿ. ಯಾರ್ಗೂ ಹೇಳ್ಬೇಡಿ, ದೊಡ್ಡದಾಗ್ಬುಡ್ತದೆ.”

ಅವಳಿಗೆ ಅಷ್ಟು ಸಾಕಾಯಿತು. “ನಮಾಜು ಎಲ್ಲೂ ಓಡಿಹೋಗಲ್ಲ ಕಣೋ. ಕೆಲಸ ಓಡಿಹೋಗುತ್ತೆ. ಜೊತೆಗೆ ನನ್ನ ಮಾನ.”

“ಆಪಾ, ಅದು...” ಎಂದ ಅಜ್ಮಲ್. ಅವಳು ಫೋನ್ ಇಟ್ಟಳು.

ಅಂದೇ ವರದಿ ಬರೆದಳು: ಯಂತ್ರದಲ್ಲಿ ದೋಷವಿಲ್ಲ, ಆಪರೇಟರ್ ಸ್ಥಳದಲ್ಲಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಕೊನೆಗೆ ‘ವಿಚಾರಿಸಿ’ ಎಂದು ಸೇರಿಸುತ್ತಿದ್ದಳು. ಇವನಿಗೆ ‘ಕ್ರಮ ಕೈಗೊಳ್ಳಿ’ ಎಂದು ಬರೆದಳು. ಪಕ್ಷಪಾತ ಅನ್ನಬಾರದಲ್ಲ.

ಅಜ್ಮಲ್‌ನನ್ನು ಮನೆಗೆ ಕಳಿಸಿದರು. ಅವನು ಜಗಳಕ್ಕೆ ಬರಲಿಲ್ಲ, ಫೋನ್ ಕೂಡ ಮಾಡಲಿಲ್ಲ. ಅದನ್ನೂ ಅವಳು ತಪ್ಪೊಪ್ಪಿಗೆಯೆಂದೇ ತಿಳಿದಳು.

ಮುಂದಿನ ಶುಕ್ರವಾರ ನೆಟ್ಟಗಿನ ಗೆರೆ ನೋಡಲೆಂದೇ ಪರದೆಯ ಮುಂದೆ ಕೂತಳು. ಗೆರೆ ಏರಿತು. ಇನ್ನೂ ಏರಿತು. ಇಳಿಯಲೇ ಇಲ್ಲ. ಪರದೆ ಕೆಂಪಾಯಿತು. ಯಂತ್ರ ತಾನಾಗಿ ನಿಂತಿತು. ಒಳಗಿದ್ದ ಬಿಲ್ಲೆಗಳೆಲ್ಲ ಹಾಳು.

ಹೊಸ ಆಪರೇಟರ್ ಚಿಕ್ಕಸ್ವಾಮಿ ವಿಡಿಯೊ ಕರೆಯಲ್ಲಿ ಬೆವರುತ್ತಿದ್ದ. “ನಾನ್ ಇಲ್ಲೇ ಇವ್ನಿ ಮೇಡಂ, ಒಂದ್ ಹೆಜ್ಜೆ ಅಲ್ಲಾಡಿಲ್ಲ! ಕೆಳ್ಗಡೆ ಪಂಪು ಗಾಳಿ ಎಳೀತಿಲ್ಲ ಅನ್ಸುತ್ತೆ.”

“ಹೋಗಿ ತೋರಿಸಿ.”

ಚಿಕ್ಕಸ್ವಾಮಿ ಫೋನ್ ಹಿಡಿದು ಮೆಟ್ಟಿಲಿಳಿದ. ಪಂಪ್ ಕೋಣೆಯಿಂದ ತಸ್ಲೀಮಳ ಪರದೆಗೆ ಈವರೆಗೆ ಒಂದು ಗೆರೆಯೂ ಬಂದಿರಲಿಲ್ಲ. ಅಲ್ಲಿ ಇನ್ನೂ ಸೆನ್ಸರ್ ಹಾಕಿರಲಿಲ್ಲ. ಈಗ ಕಂಡಿತು. ಪಂಪಿನ ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ. ಅದಕ್ಕೆ ತಣ್ಣನೆ ಗಾಳಿ ಊದಬೇಕಾದ ದೊಡ್ಡ ಫ್ಯಾನು ನಿಂತಿತ್ತು. ಕಾದ ಪಂಪು ಏದುಸಿರು ಬಿಡುತ್ತಿತ್ತು. ಅದರ ಮುಂದೆ ಕೋಣೆ ನೋಡಿಕೊಳ್ಳುವ ಮುದುಕ ಕರಿಯಯ್ಯ, ಕೈಯಲ್ಲಿ ಮಂಗಳಾರತಿ ತಟ್ಟೆ.

“ಫ್ಯಾನ್ ಯಾಕೆ ಆರಿಸಿದ್ರಿ ತಾತ?”

“ಗಾಳಿಗೆ ದೀಪ ನಿಲ್ಲಾಕಿಲ್ಲ ಕಣವ್ವ. ಶುಕ್ರವಾರದ ಪೂಜೆ, ಕಾಲ್ಗಂಟೆ ಅಷ್ಟೇಯ. ಯಾವತ್ತೂ ಇಂಗಾಗಿರ್ಲಿಲ್ಲ. ಮ್ಯಾಲೆ ಅಜ್ಮಲು ನಿಂತ್ಕಂಡು ಗ್ಯಾಸು ತಿರುವಿ ತಿರುವಿ ಕಮ್ಮಿ ಮಾಡಿ ಸಂಬಾಳಿಸೋನು. ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಕೆಲ್ಸ ಹೋಯ್ತದೆ ಅಂತ ಯಾರ್ ತಾವೂ ಬಾಯ್ ಬುಡ್ಲಿಲ್ಲ.”

ಬೆನ್ನ ಹಿಂದೆ ತಿಮ್ಮರಾಜು ಬಂದು ನಿಂತಿದ್ದ. ಅವನು ನಗಲಿಲ್ಲ. ತಸ್ಲೀಮಳಿಗೆ ತಿರುಗಿ ಅವನ ಮುಖ ನೋಡಲಾಗಲಿಲ್ಲ.

“ಅವನು... ನಮಾಜಿಗೆ ಹೋಗ್ತಿರ್ಲಿಲ್ವಾ?”

“ಎಲ್ಲೋಗಾನವ್ವ? ‘ಇವತ್ತು ಪೂಜೆ ಬುಡ್ತೀನಿ, ಓಗ್ ಬಾರ್ಲಾ’ ಅಂದ್ರೂ, ‘ನಾನ್ ಮೆಷಿನ್ ಬುಟ್ಟು ಕದಲಿದ್ರೆ ನನ್ನ ಇಲ್ಲಿ ಸೇರ್ಸಿದ ಆಪಾ ತಲೆ ತಗ್ಸ್‌ಬೇಕಾಯ್ತದೆ ತಾತ’ ಅಂತ, ಆ ಹುಡ್ಗ ಇಲ್ಲಿಗೆ ಬಂದಾಗಿಂದ ಒಂದ್ ಜುಮ್ಮಾಕೂ ಓಗ್ಲಿಲ್ಲ.”